ಬೇಸ್ ತಲುಪುವವರೋ, ಬಾರಿಸುವವರೋ? ಪಿಟ್ಸ್‌ಬರ್ಗ್‌ನ 583 ರನ್‌ಗಳ ಲೆಕ್ಕ

2025ರ ಮೇ 18ರಂದು ಫಿಲಡೆಲ್ಫಿಯಾದಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಿಚರ್, ಅಂದರೆ ಎಸೆತಗಾರ, ಪಾಲ್ ಸ್ಕೀನ್ಸ್ ಎಂಟು ಇನ್ನಿಂಗ್ಸ್ ಪೂರ್ತಿ ಒಬ್ಬರೇ ಎಸೆದರು. ಬಿಟ್ಟುಕೊಟ್ಟದ್ದು ಒಂದೇ ರನ್. ಅವರ ವೃತ್ತಿಜೀವನದ ಮೊದಲ ಕಂಪ್ಲೀಟ್ ಗೇಮ್ ಅದು. ಒಂಬತ್ತನೇ ಇನ್ನಿಂಗ್ಸ್ ಎಸೆಯುವ ಅಗತ್ಯವೇ ಬರಲಿಲ್ಲ, ಏಕೆಂದರೆ ಆತಿಥೇಯರು 1–0ರಿಂದ ಗೆದ್ದಾಗಿತ್ತು. ಆ ಋತುವಿನ ಕೊನೆಗೆ ಸ್ಕೀನ್ಸ್ ಅವರ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ತನ್ನ ಹೊಣೆಯಲ್ಲಿ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, 1.97, ಗೆಲುವು 10, ಸೋಲೂ 10. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಒಮ್ಮತದಿಂದ ಅವರಿಗೇ ಬಂತು. ಅಂಥ ಪಿಚರ್ ಇದ್ದ ತಂಡ 71 ಪಂದ್ಯ ಗೆದ್ದು 91 ಸೋತಿತು.

ಭಾರತದ ಓದುಗರಿಗೆ ಪೈರೇಟ್ಸ್ ಹೆಸರು ಪೂರ್ತಿ ಹೊಸದೇನಲ್ಲ. 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಒಪ್ಪಂದಕ್ಕೆ ಸಹಿ ಹಾಕಿದ್ದು ಇದೇ ತಂಡದ ಜೊತೆ. ಅವರಿಬ್ಬರೂ ಪಿಚರ್‌ಗಳು. ಪಿಟ್ಸ್‌ಬರ್ಗ್‌ನ 2025ರ ಕಷ್ಟ ಬ್ಯಾಟಿಂಗ್‌ನದು. 2025ರಲ್ಲಿ ತಂಡ ಗಳಿಸಿದ್ದು 583 ರನ್, ಹೊಡೆದದ್ದು 117 ಹೋಮ್ ರನ್ (ಬೇಲಿ ದಾಟಿ, ಬ್ಯಾಟರ್ ಎಲ್ಲ ಬೇಸ್ ಸುತ್ತಿ ಬರುವ ಹೊಡೆತ). ಮೇಜರ್ ಲೀಗ್‌ನ 30 ತಂಡಗಳಲ್ಲಿ ಎರಡರಲ್ಲೂ ಕೊನೆಯ ಸ್ಥಾನ. ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದವರೆಗೆ ಸತತ 26 ಪಂದ್ಯಗಳಲ್ಲಿ ಒಮ್ಮೆಯೂ ಐದನೇ ರನ್ ಬರಲಿಲ್ಲ. ಈ ನಡುವೆ ಮೇ 8ರಂದು ಮ್ಯಾನೇಜರ್ ಡೆರೆಕ್ ಶೆಲ್ಟನ್ ಅವರನ್ನು ತೆಗೆದು ಡಾನ್ ಕೆಲ್ಲಿಗೆ ಹೊಣೆ ಕೊಟ್ಟರು.

ರನ್ ಬಾರದ ಯಾವ ತಂಡದ ಸುತ್ತಲೂ ಒಂದೇ ವಾದ ನಡೆಯುತ್ತದೆ. ಒಂದು ಪಕ್ಷ ಹೇಳುವುದು: ಮೊದಲು ಬೇಸ್ ತಲುಪುವವರನ್ನು ತನ್ನಿ, ಬೇಸ್ ಮೇಲೆ ಜನರೇ ಇಲ್ಲದಿದ್ದರೆ ಹೋಮ್ ರನ್ ಹೊಡೆದೂ ಒಂದೇ ರನ್. ಇನ್ನೊಂದು ಪಕ್ಷ ಹೇಳುವುದು: ಬೇಸ್ ಮೇಲೆ ನಿಂತವರನ್ನು ಮನೆಗೆ, ಅಂದರೆ ರನ್ ದಕ್ಕುವ ಹೋಮ್ ಪ್ಲೇಟ್‌ಗೆ, ಕರೆತರುವ ತಾಕತ್ತೇ ಇಲ್ಲದಿದ್ದರೆ ಎಷ್ಟು ಜನ ನಿಂತರೇನು? ಎರಡರಲ್ಲೂ ಹುರುಳಿದೆ. ಯಾವ ತಂಡಕ್ಕೆ ಯಾವುದು ಮೊದಲು ಬೇಕು ಎಂಬುದನ್ನು ಮಾತ್ರ ಲೆಕ್ಕ ಹಾಕಿಯೇ ಹೇಳಬೇಕು.

ಮೊದಲು ಅಳತೆಗೋಲುಗಳು. ಬ್ಯಾಟರ್ ಹಿಟ್‌ನಿಂದಾಗಲಿ, ನಾಲ್ಕು ಬಾಲ್ (ಹೊಡೆಯುವ ವಲಯದ ಹೊರಗೆ ಹೋದ ಎಸೆತ) ಬಿಟ್ಟು ಪಡೆದ ವಾಕ್‌ನಿಂದಾಗಲಿ, ಚೆಂಡು ಮೈಗೆ ತಗಲಿಯಾಗಲಿ ಬೇಸ್ ಸೇರುವ ಪ್ರಮಾಣ ಆನ್-ಬೇಸ್ ಪರ್ಸೆಂಟೇಜ್, ಚಿಕ್ಕದಾಗಿ ಓಬಿಪಿ. .305 ಎಂದರೆ ಸಾವಿರ ಸಲಕ್ಕೆ 305 ಸಲ. ಸ್ಲಗಿಂಗ್ ಎಂದರೆ ಪ್ರತಿ ಅಧಿಕೃತ ಅಟ್-ಬ್ಯಾಟ್‌ಗೆ (ವಾಕ್ ಮುಂತಾದವನ್ನು ಬಿಟ್ಟ ಬ್ಯಾಟಿಂಗ್ ಸರದಿ) ಹಿಟ್‌ಗಳಿಂದ ದಕ್ಕಿದ ಬೇಸ್‌ಗಳ ಸರಾಸರಿ: ಸಿಂಗಲ್‌ಗೆ ಒಂದು, ಡಬಲ್‌ಗೆ ಎರಡು, ಟ್ರಿಪಲ್‌ಗೆ ಮೂರು, ಹೋಮ್ ರನ್‌ಗೆ ನಾಲ್ಕು. ಸ್ಲಗಿಂಗ್‌ನಿಂದ ಬ್ಯಾಟಿಂಗ್ ಸರಾಸರಿಯನ್ನು, ಅಂದರೆ ಅಟ್-ಬ್ಯಾಟ್‌ಗೆ ಬಿದ್ದ ಹಿಟ್‌ಗಳ ಪ್ರಮಾಣವನ್ನು, ಕಳೆದರೆ ಉಳಿಯುವುದು ಬರಿಯ ಪವರ್, ಅಂದರೆ ಐಎಸ್ಒ. ಓಬಿಪಿಯಿಂದ ಸರಾಸರಿ ಕಳೆದರೆ ಸಿಗುವುದು, ಹೆಚ್ಚುಕಡಿಮೆ, ತಾಳ್ಮೆಯ ಅಳತೆ.

ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಟಿ20ಯಲ್ಲಿ ವಿಕೆಟ್ ಹತ್ತು, ಚೆಂಡು 120. ಸಾಮಾನ್ಯವಾಗಿ ಮೊದಲು ಮುಗಿಯುವುದು ಚೆಂಡು. ಹಾಗಾಗಿ ಹದಿನೈದು ಚೆಂಡಿಗೆ ಮೂವತ್ತು ಹೊಡೆದು ಔಟಾದವನನ್ನು ಯಾರೂ ಬೈಯುವುದಿಲ್ಲ. ಬೇಸ್‌ಬಾಲ್‌ನಲ್ಲಿ ಚೆಂಡಿಗೆ ಲೆಕ್ಕವೇ ಇಲ್ಲ, ಒಂದೇ ಇನ್ನಿಂಗ್ಸ್‌ನಲ್ಲಿ ಎಪ್ಪತ್ತು ಎಸೆತ ಬಂದರೂ ಬರಬಹುದು. ಎಣಿಸಿ ಕೊಟ್ಟಿರುವುದು ಔಟ್‌ಗಳನ್ನು ಮಾತ್ರ: ಇನ್ನಿಂಗ್ಸ್‌ಗೆ ಮೂರು, ಪಂದ್ಯಕ್ಕೆ 27. ಓಬಿಪಿಯನ್ನು ತಿರುಗಿಸಿ ಓದಿದರೆ ಔಟ್ ಆಗದಿರುವ ಗುಣ. .305 ಓಬಿಪಿಯ ತಂಡಕ್ಕೆ 27 ಔಟ್ ಮುಗಿಯುವಷ್ಟರಲ್ಲಿ ಸುಮಾರು 38.8 ಬ್ಯಾಟರ್‌ಗಳು ಬರುತ್ತಾರೆ. .278ರ ತಂಡಕ್ಕೆ 37.4. ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್), ಓಟದಲ್ಲಿ ಔಟಾದವರು ಇವನ್ನೆಲ್ಲ ಬದಿಗಿಟ್ಟ ಲೆಕ್ಕ ಇದು. ಪಂದ್ಯಕ್ಕೆ ಒಂದೂವರೆ ಬ್ಯಾಟರ್‌ನಷ್ಟು ಅಂತರ, 162 ಪಂದ್ಯಕ್ಕೆ ಸುಮಾರು 235 ಅವಕಾಶ.

.278 ಎಂಬ ಅಂಕಿ ಸುಮ್ಮನೆ ಆಯ್ದದ್ದಲ್ಲ. 2024ರ ಷಿಕಾಗೊ ವೈಟ್ ಸಾಕ್ಸ್‌ನ ಓಬಿಪಿ ಅದು. ಆ ತಂಡ 41 ಗೆದ್ದು 121 ಸೋತು, ಆಧುನಿಕ ಕಾಲದಲ್ಲಿ ಅತಿ ಹೆಚ್ಚು ಸೋಲಿನ ದಾಖಲೆ ಬರೆಯಿತು. ಅದರ ಬ್ಯಾಟಿಂಗ್ ಸರಾಸರಿ .221, ಸ್ಲಗಿಂಗ್ .340. 2025ರ ಪೈರೇಟ್ಸ್‌ದು ಸರಾಸರಿ .231, ಓಬಿಪಿ .305, ಸ್ಲಗಿಂಗ್ .350. ಎರಡೂ ತಂಡಗಳ ಐಎಸ್ಒ ಲೆಕ್ಕ ಹಾಕಿ ನೋಡಿ, ಎರಡೂ ಕಡೆ .119. ಪವರ್ ಒಂದೇ ಮಟ್ಟದ್ದು. ಹೋಮ್ ರನ್ ಎಣಿಸಿದರಂತೂ ವೈಟ್ ಸಾಕ್ಸ್ 133, ಪೈರೇಟ್ಸ್‌ಗಿಂತ 16 ಹೆಚ್ಚು. ರನ್ ಮಾತ್ರ 507, ಪೈರೇಟ್ಸ್‌ಗಿಂತ 76 ಕಡಿಮೆ. ಹೆಚ್ಚು ಹೋಮ್ ರನ್ ಹೊಡೆದ ತಂಡ ಪಂದ್ಯಕ್ಕೆ ಅರ್ಧ ರನ್ನಿನಷ್ಟು ಹಿಂದೆ ಬಿತ್ತು. ಓಬಿಪಿಯ 27 ಪಾಯಿಂಟ್‌ಗಳ (.001ಕ್ಕೆ ಒಂದು ಪಾಯಿಂಟ್) ಬೆಲೆ ಏನೆಂದು ಕೇಳುವವರಿಗೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ.

ಇಷ್ಟಕ್ಕೇ ನಿಂತರೆ ಓಬಿಪಿ ಪಕ್ಷ ಗೆದ್ದಂತೆ. ಆದರೆ ಪೈರೇಟ್ಸ್‌ನ ಅಂಕಿಗಳನ್ನು ಲೀಗ್ ಸರಾಸರಿಯ ಪಕ್ಕದಲ್ಲಿಟ್ಟಾಗ ಚಿತ್ರ ಬೇರೆ. 2025ರಲ್ಲಿ ಮೇಜರ್ ಲೀಗ್‌ನ ಒಟ್ಟು ಸರಾಸರಿ .245, ಓಬಿಪಿ .315, ಸ್ಲಗಿಂಗ್ .404. ಪೈರೇಟ್ಸ್ ಓಬಿಪಿಯಲ್ಲಿ 10 ಪಾಯಿಂಟ್ ಹಿಂದೆ, ಸ್ಲಗಿಂಗ್‌ನಲ್ಲಿ 54 ಪಾಯಿಂಟ್ ಹಿಂದೆ. ರನ್ ಉತ್ಪಾದನೆಯಲ್ಲಿ ಓಬಿಪಿಯ ಒಂದು ಪಾಯಿಂಟ್ ಸ್ಲಗಿಂಗ್‌ನ ಸುಮಾರು 1.8 ಪಾಯಿಂಟ್‌ಗೆ ಸಮ ಎಂಬುದು ಲೆಕ್ಕಿಗರು ಒಪ್ಪಿಕೊಂಡಿರುವ ಪ್ರಮಾಣ. ಅದರಂತೆ ತೂಗಿದರೂ ಒಂದು ತಟ್ಟೆಯಲ್ಲಿ 18, ಇನ್ನೊಂದರಲ್ಲಿ 54. ಕೊರತೆಯ ನಾಲ್ಕರಲ್ಲಿ ಮೂರು ಪಾಲು ಪವರ್‌ನದು.

ತಾಳ್ಮೆಯ ಅಳತೆ ಇನ್ನೂ ಅಚ್ಚರಿಯದು. ಓಬಿಪಿ ಮತ್ತು ಸರಾಸರಿಯ ನಡುವಿನ ಅಂತರ ಲೀಗ್‌ನಲ್ಲಿ .070, ಪೈರೇಟ್ಸ್‌ನಲ್ಲಿ .074. ಅಂದರೆ ವಾಕ್ ಪಡೆಯುವುದರಲ್ಲಿ ಇವರು ಸರಾಸರಿಗಿಂತ ಒಂದು ಕೂದಲು ಮುಂದೆಯೇ ಇದ್ದರು. ‘ಚೆಂಡು ನೋಡಿ ಆಡಿ, ವಾಕ್ ತೆಗೆದುಕೊಳ್ಳಿ’ ಎಂಬ ಬುದ್ಧಿವಾದ ಈ ತಂಡಕ್ಕೆ ಬೇಕಿರಲಿಲ್ಲ. ಅವರು ಅದನ್ನು ಮಾಡುತ್ತಲೇ ಇದ್ದರು.

ಬೇಸ್‌ಬಾಲ್ ಲೆಕ್ಕಿಗ ಬಿಲ್ ಜೇಮ್ಸ್ ಕೊಟ್ಟ ಹಳೆಯ ಸರಳ ಸೂತ್ರವೊಂದಿದೆ: ಓಬಿಪಿಯನ್ನು ಸ್ಲಗಿಂಗ್‌ನಿಂದ ಗುಣಿಸಿ, ಬಂದದ್ದನ್ನು ತಂಡದ ಅಟ್-ಬ್ಯಾಟ್‌ಗಳಿಂದ ಗುಣಿಸಿದರೆ ರನ್ ಸಂಖ್ಯೆ ಹತ್ತಿರ ಹತ್ತಿರ ಸಿಗುತ್ತದೆ. 5,400 ಅಟ್-ಬ್ಯಾಟ್ ಹಿಡಿದರೆ ಪೈರೇಟ್ಸ್‌ಗೆ 576, ನಿಜದ್ದು 583. ಈಗ ಒಂದೊಂದೇ ತಿರುಪು ತಿರುಗಿಸಿ ನೋಡೋಣ. ಓಬಿಪಿಯನ್ನು ಮಾತ್ರ ಲೀಗ್ ಸರಾಸರಿಗೆ ಏರಿಸಿದರೆ 595, ಲಾಭ 19 ರನ್. ಸ್ಲಗಿಂಗ್ ಮಾತ್ರ ಏರಿಸಿದರೆ 665, ಲಾಭ 89. ಈ ಸೂತ್ರ ಓಬಿಪಿಗೆ ಅದರ ನಿಜವಾದ ತೂಕ ಕೊಡುವುದಿಲ್ಲ ಎಂಬ ಆಕ್ಷೇಪ ಸರಿಯೇ. ಆ 19ನ್ನು ಇಮ್ಮಡಿ ಮಾಡಿದರೂ ತಕ್ಕಡಿ ವಾಲುವ ಕಡೆ ಬದಲಾಗುವುದಿಲ್ಲ.

ಏಕೆ ಹೀಗೆ ಎಂದು ತಿಳಿಯಲು ಒಂದೇ ಒಂದು ಇನ್ನಿಂಗ್ಸ್‌ನ ಒಳಗೆ ಇಳಿಯಬೇಕು. ಬೇಸ್ ಖಾಲಿ, ಔಟ್ ಇಲ್ಲ. ಅಲ್ಲಿಂದ ಇನ್ನಿಂಗ್ಸ್ ಮುಗಿಯುವವರೆಗೆ ಸರಾಸರಿ ತಂಡ ಗಳಿಸುವುದು 0.48 ರನ್. 2010ರಿಂದ 2015ರವರೆಗಿನ ಪಂದ್ಯಗಳಿಂದ ಇನ್ನೊಬ್ಬ ಲೆಕ್ಕಿಗ ಟಾಮ್ ಟ್ಯಾಂಗೊ ತೆಗೆದ ಕೋಷ್ಟಕದ ಅಂಕಿ ಇದು. ಮೊದಲ ಬ್ಯಾಟರ್ ವಾಕ್ ಪಡೆದರೆ ಅದು 0.86ಕ್ಕೆ ಜಿಗಿಯುತ್ತದೆ. ಮುಂದಿನವನು ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಔಟ್: 0.51. ಮತ್ತೊಂದು ಸ್ಟ್ರೈಕ್‌ಔಟ್: 0.22. ಸೆಂಟರ್ ಫೀಲ್ಡ್‌ಗೆ ಒಂದು ಸಲೀಸಾದ ಕ್ಯಾಚ್, ಸೊನ್ನೆ. ವಾಕ್ ಪಡೆದವನು ಫಸ್ಟ್ ಬೇಸ್‌ನಿಂದ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಆ 0.86 ಎಂಬುದು ಹಿಂದೆ ಬರುವವರ ಮೇಲೆ ಬರೆದ ಹುಂಡಿ. ಅವರು ಸಲ್ಲಿಸಿದರೆ ಹಣ, ಇಲ್ಲವಾದರೆ ಕಾಗದ.

ಪವರ್ ಇಲ್ಲದ ತಂಡ ಸಾಮಾನ್ಯವಾಗಿ ಒಂದು ರನ್ ಗಳಿಸಲು ಮೂರು ಔಟ್ ಆಗುವ ಮೊದಲು ಮೂವರನ್ನು ಬೇಸ್ ಸೇರಿಸಬೇಕು. ಎಲ್ಲರ ಓಬಿಪಿ ಒಂದೇ ಎಂದುಕೊಂಡು ಇದರ ಸಂಭವ ತೆಗೆದರೆ, .278ಕ್ಕೆ ನೂರು ಇನ್ನಿಂಗ್ಸ್‌ನಲ್ಲಿ ಸುಮಾರು 13ರಿಂದ 14. .305ಕ್ಕೆ 17. .315ಕ್ಕೆ 18. .360ಕ್ಕೆ 25. ಏರಿಕೆಯ ವೇಗ ಗಮನಿಸಿ: ಓಬಿಪಿ .278ರಿಂದ .360ಕ್ಕೆ ಏರಿದ್ದು ಶೇ. 30ರಷ್ಟು, ಮೂವರು ಕೂಡಿಬರುವ ಇನ್ನಿಂಗ್ಸ್ ಏರಿದ್ದು ಶೇ. 85ಕ್ಕೂ ಮೇಲೆ. ಓಬಿಪಿ ಚಕ್ರಬಡ್ಡಿಯಂತೆ ಬೆಳೆಯುತ್ತದೆ, ಆದರೆ ಇಡೀ ಸಾಲು ಒಟ್ಟಿಗೆ ಏರಿದಾಗ ಮಾತ್ರ. ಒಬ್ಬರೇ ಏರಿದರೆ ಏನಾಗುತ್ತದೆ ಎಂಬುದಕ್ಕೆ ಇಚಿರೊ ಸುಜುಕಿ ಅವರ ಎರಡು ಋತುಗಳಿವೆ.

2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ಪರ ಇಚಿರೊ 242 ಹಿಟ್, 30 ವಾಕ್, 8 ಸಲ ಮೈಗೆ ಚೆಂಡು, ಒಟ್ಟು 280 ಸಲ ಬೇಸ್ ಸೇರಿದರು. ಅದರಲ್ಲಿ 8 ಹೋಮ್ ರನ್ ಬಿಟ್ಟರೆ 272. ಬೇರೆಯವರ ನೆರವಿನಿಂದ ಅವರು ಮನೆ ಸೇರಿದ್ದು 119 ಸಲ. ಶೇ. 44. ಅದೇ ತಂಡ, ಅದೇ ಇಚಿರೊ, 2010: 214 ಹಿಟ್, 45 ವಾಕ್, 3 ಸಲ ಮೈಗೆ ಚೆಂಡು, ಒಟ್ಟು 262. ಆರು ಹೋಮ್ ರನ್ ಕಳೆದರೆ 256. ಮನೆ ಸೇರಿದ್ದು 68 ಸಲ, ಶೇ. 27. ಆ ವರ್ಷವೂ ಅವರು 42 ಬೇಸ್ ಕದ್ದಿದ್ದರು (ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಸೇರುವುದು), ಆದ್ದರಿಂದ ಕಾಲು ಸೋತಿತ್ತು ಎನ್ನುವಂತಿಲ್ಲ. ಹಿಂದೆ ನಿಂತವರು ಬದಲಾಗಿದ್ದರು. 2001ರಲ್ಲಿ ಅವರ ಹಿಂದೆ .423 ಓಬಿಪಿಯ ಎಡ್ಗರ್ ಮಾರ್ಟಿನೆಜ್, .401ರ ಜಾನ್ ಓಲೆರುಡ್, 37 ಹೋಮ್ ರನ್‌ಗಳ ಬ್ರೆಟ್ ಬೂನ್. ತಂಡದ ಹೋಮ್ ರನ್ 169 ಮಾತ್ರ, ಓಬಿಪಿ .360, ರನ್ 927, ಗೆಲುವು 116. 2010ರ ತಂಡದ ಓಬಿಪಿ .298, ಸ್ಲಗಿಂಗ್ .339, ರನ್ 513. ಋತುವಿನ ನಡುವೆ ಬಂದು 57 ಪಂದ್ಯ ಆಡಿದ ರಸೆಲ್ ಬ್ರಾನ್ಯನ್ ಹೊಡೆದ 15 ಹೋಮ್ ರನ್‌ಗಳೇ ತಂಡದಲ್ಲಿ ಅತಿ ಹೆಚ್ಚು. ಫೆಲಿಕ್ಸ್ ಹೆರ್ನಾಂಡೆಜ್ 2.27 ಇಆರ್‌ಎಯಲ್ಲಿ 13 ಗೆದ್ದು 12 ಸೋತು ಸೈ ಯಂಗ್ ಪಡೆದದ್ದು ಅದೇ ವರ್ಷ. ಹದಿನೈದು ವರ್ಷದ ನಂತರ ಸ್ಕೀನ್ಸ್ ಎದುರಿಸಿದ್ದು ಅದೇ ಪಾಡು.

ಆ ಮ್ಯಾರಿನರ್ಸ್ ಆಡಳಿತ ಕುರುಡಾಗಿ ನಡೆದುಕೊಂಡಿತ್ತು ಎಂದೇನಿಲ್ಲ. 2010ಕ್ಕೆ ಮುಂಚೆ ಅವರು ಓಬಿಪಿಯನ್ನೇ ಖರೀದಿಸಿದ್ದರು. 2009ರಲ್ಲಿ ಏಂಜೆಲ್ಸ್ ಪರ 101 ವಾಕ್ ಪಡೆದು ಅಮೆರಿಕನ್ ಲೀಗ್‌ಗೆ ಮೊದಲಿಗರಾಗಿದ್ದ, .395 ಓಬಿಪಿಯ ಚೋನ್ ಫಿಗಿನ್ಸ್‌ಗೆ ನಾಲ್ಕು ವರ್ಷಕ್ಕೆ 3.6 ಕೋಟಿ ಡಾಲರ್ ಕೊಟ್ಟರು. ಮೊದಲ ವರ್ಷ ಅವರ ಓಬಿಪಿ .340ಕ್ಕೆ ಇಳಿಯಿತು, ಸ್ಲಗಿಂಗ್ .306. ಎರಡನೇ ವರ್ಷ ಸರಾಸರಿ .188, ಓಬಿಪಿ .241. ಇದರಲ್ಲಿ ವಯಸ್ಸಿನ ಪಾತ್ರವಿದೆ, ಆದರೆ ಯಾಂತ್ರಿಕ ಕಾರಣವೂ ಒಂದಿದೆ. ವಾಕ್ ಎಂಬುದು ಪಿಚರ್‌ನ ಭಯದಿಂದಲೂ ಹುಟ್ಟುತ್ತದೆ. ತಪ್ಪಿ ನಡುವಿಗೆ ಬಿದ್ದ ಚೆಂಡು ಬೇಲಿ ದಾಟಬಹುದು ಎಂಬ ಅಳುಕಿದ್ದಾಗ ಪಿಚರ್ ಅಂಚುಗಳಿಗೆ ಎಸೆಯುತ್ತಾನೆ. ಅಂಚಿಗೆ ಎಸೆದದ್ದರಲ್ಲಿ ಒಂದಿಷ್ಟು ಬಾಲ್ ಆಗುತ್ತವೆ. ಎದುರಿಗಿರುವವನು ಹೆಚ್ಚೆಂದರೆ ಸಿಂಗಲ್ ಹೊಡೆದಾನು ಎಂದು ಗೊತ್ತಿದ್ದರೆ ಮೊದಲ ಎರಡು ಎಸೆತ ನಡುವಿಗೇ ಬರುತ್ತವೆ. ಎಣಿಕೆ ಸೊನ್ನೆ ಬಾಲ್–ಎರಡು ಸ್ಟ್ರೈಕ್ ಆದ ಮೇಲೆ ತಾಳ್ಮೆ ತೋರಿಸಲು ಜಾಗವೇ ಉಳಿಯುವುದಿಲ್ಲ. ಪವರ್ ಇಲ್ಲದ ಬ್ಯಾಟರ್‌ನ ಓಬಿಪಿ ಕೈಯ ವೇಗ ಸ್ವಲ್ಪ ತಗ್ಗಿದೊಡನೆ ಕುಸಿಯುವುದು ಇದಕ್ಕೇ.

ಇದರ ಎದುರು ತುದಿಯಲ್ಲಿ ಕೈಲ್ ಶ್ವಾರ್ಬರ್. 2023ರಲ್ಲಿ ಫಿಲಡೆಲ್ಫಿಯಾ ಪರ ಅವರ ಬ್ಯಾಟಿಂಗ್ ಸರಾಸರಿ .197. ನೋಡಿದವರು ಮುಖ ಸಿಂಡರಿಸುವ ಅಂಕಿ, ಜೊತೆಗೆ 215 ಸ್ಟ್ರೈಕ್‌ಔಟ್. ಆದರೆ 47 ಹೋಮ್ ರನ್, 126 ವಾಕ್, ಓಬಿಪಿ .343. ಮರುವರ್ಷ .314 ಸರಾಸರಿಯಲ್ಲಿ ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಕಿರೀಟ ಗೆದ್ದ ಲೂಯಿಸ್ ಅರಾಯೆಜ್ ಅವರ ಓಬಿಪಿ .346, ಹೋಮ್ ರನ್ ನಾಲ್ಕು, ವಾಕ್ 24. ಬೇಸ್ ಸೇರುವುದರಲ್ಲಿ ಇಬ್ಬರೂ ಸಮ. ಶ್ವಾರ್ಬರ್ ಅವರ ಪವರ್ ಅವರ ವಾಕ್‌ಗಳಿಗೂ ತಾಯಿ. ಆದ್ದರಿಂದ ಓಬಿಪಿ ಒಂದು ಸಾಮರ್ಥ್ಯ, ಪವರ್ ಇನ್ನೊಂದು ಎಂದು ಗೆರೆ ಎಳೆದು ಬೇರೆ ಮಾಡುವುದೇ ಅರ್ಧ ತಪ್ಪು.

ಇನ್ನು ಖರೀದಿಯ ಲೆಕ್ಕ. ಪ್ರತಿ ಘಟನೆಗೂ ಸರಾಸರಿ ರನ್ ಬೆಲೆ ಹೀಗಿಡಬಹುದು: ವಾಕ್‌ಗೆ ಸುಮಾರು 0.3, ಸಿಂಗಲ್‌ಗೆ 0.45, ಡಬಲ್‌ಗೆ 0.75, ಹೋಮ್ ರನ್‌ಗೆ 1.4, ಔಟ್ ಒಂದಕ್ಕೆ 0.25 ನಷ್ಟ. ಇಬ್ಬರು ಕಲ್ಪಿತ ಬ್ಯಾಟರ್‌ಗಳಿಗೆ 600 ಅವಕಾಶ ಕೊಡೋಣ. ಮೊದಲನೆಯವನು 70 ವಾಕ್, 115 ಸಿಂಗಲ್, 22 ಡಬಲ್, 3 ಹೋಮ್ ರನ್; ಓಬಿಪಿ .350, ಔಟ್ 390. ಕೂಡಿಸಿ ಕಳೆದರೆ ಸರಾಸರಿ ಬ್ಯಾಟರ್‌ಗಿಂತ 4 ರನ್ ಕಡಿಮೆ. ಎರಡನೆಯವನು 45 ವಾಕ್, 77 ಸಿಂಗಲ್, 28 ಡಬಲ್, 30 ಹೋಮ್ ರನ್, ಓಬಿಪಿ.300, ಔಟ್ 420. ಸರಾಸರಿಗಿಂತ 6 ರನ್ ಹೆಚ್ಚು. ಐವತ್ತು ಪಾಯಿಂಟ್ ಓಬಿಪಿ ಕಳೆದುಕೊಂಡೂ ಎರಡನೆಯವನು ಹತ್ತು ರನ್ ಮುಂದೆ. ಹತ್ತು ರನ್ ಎಂದರೆ ಋತುವಿಗೆ ಸರಿಸುಮಾರು ಒಂದು ಗೆಲುವು.

ಈ ಬೆಲೆಗಳು ಸರಾಸರಿ ತಂಡದವು. ದುರ್ಬಲ ತಂಡಕ್ಕೆ ಹೋದಂತೆ ಅವು ಬದಲಾಗುತ್ತವೆ, ಅದೂ ಒಂದೇ ಅಳತೆಯಲ್ಲಲ್ಲ. ಹೋಮ್ ರನ್ ಹೊಡೆದವನು ತನ್ನನ್ನು ತಾನೇ ಮನೆಗೆ ತಂದುಕೊಳ್ಳುತ್ತಾನೆ. ಆ ಒಂದು ರನ್ ಯಾರ ಹಂಗಿನದೂ ಅಲ್ಲ. ಬೇಸ್ ಮೇಲೆ ಜನ ಕಡಿಮೆಯಾದರೆ ಕರಗುವುದು ಮೇಲಿನ ಪುಡಿಗಾಸು ಮಾತ್ರ. ವಾಕ್‌ನ ಬೆಲೆ ಪೂರ್ತಿ ಹಿಂದಿನವರ ಕೈಯಲ್ಲಿದೆ. ಹಿಂದಿನವರು ದುರ್ಬಲರಾದಷ್ಟೂ ಅದು ಬೇಗ ಕರಗುತ್ತದೆ. ‘ಬೇಸ್ ಖಾಲಿ ಇರುವಾಗ ಹೋಮ್ ರನ್ ಹೊಡೆದು ಏನು ಫಲ’ ಎಂಬ ಮಾತು ಕೇಳಲು ಸರಿ ಅನ್ನಿಸುತ್ತದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಬಡ ತಂಡದಲ್ಲಿ ಹೋಮ್ ರನ್‌ನ ಬೆಲೆ ವಾಕ್‌ಗೆ ಹೋಲಿಸಿದರೆ ಏರುತ್ತದೆ. ಓಬಿಪಿ ಸಗಟಿನಲ್ಲಿ ಕೊಂಡರೆ ಲಾಭ, ಪವರ್ ಚಿಲ್ಲರೆಯಲ್ಲಿ ಕೊಂಡರೂ ನಡೆಯುತ್ತದೆ. ಎರಡೇ ಆಟಗಾರರನ್ನು ತರುವಷ್ಟು ಹಣವಿರುವ ಪಿಟ್ಸ್‌ಬರ್ಗ್‌ನಂಥ ತಂಡ ಮೊದಲು ಪವರ್ ಹುಡುಕುವುದು ಸರಿ ಎಂಬುದು ಈ ಲೆಕ್ಕದ ತೀರ್ಮಾನ.

ಆಟ ಬದಲಾದದ್ದೂ ಇದಕ್ಕೆ ಪುಷ್ಟಿ ಕೊಡುತ್ತದೆ. 2000ದಲ್ಲಿ ಮೇಜರ್ ಲೀಗ್‌ನ ಓಬಿಪಿ .345. ಮೇಲಿನ ಲೆಕ್ಕದಂತೆ ಮೂವರು ಕೂಡಿಬರುವ ಇನ್ನಿಂಗ್ಸ್ ಆಗ ನೂರಕ್ಕೆ 23, 2025ರಲ್ಲಿ 18. 2002ರಲ್ಲಿ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ಕಡಿಮೆ ಸಂಬಳದ ತಂಡ ಕಟ್ಟಿ 103 ಪಂದ್ಯ ಗೆದ್ದಾಗ ಓಬಿಪಿ ಅಗ್ಗದ ಸರಕು; .374 ಓಬಿಪಿಯ ಸ್ಕಾಟ್ ಹ್ಯಾಟೆಬರ್ಗ್ ಅವರನ್ನು ಹೆಚ್ಚು ಕೇಳುವವರಿರಲಿಲ್ಲ. ಇಂದು 30 ತಂಡಗಳೂ ಅದೇ ತಕ್ಕಡಿ ಇಟ್ಟುಕೊಂಡಿವೆ.

ಇಷ್ಟಾದರೂ ಪವರ್ ಒಂದನ್ನೇ ನೆಚ್ಚಿದವರ ಗತಿಯನ್ನೂ ನೋಡಬೇಕು. 2010ರಲ್ಲಿ ಒಂದೇ ಡಿವಿಷನ್‌ನ ಎರಡು ತಂಡ: ಟೊರಾಂಟೊ ಬ್ಲೂ ಜೇಸ್ ಸರಾಸರಿ .248, ಟ್ಯಾಂಪಾ ಬೇ ರೇಸ್ .247. ಟೊರಾಂಟೊ 257 ಹೋಮ್ ರನ್ ಹೊಡೆದು ಇಡೀ ಮೇಜರ್ ಲೀಗ್‌ಗೆ ಮೊದಲು. ಹೊಸೆ ಬಟಿಸ್ಟಾ ಒಬ್ಬರದೇ 54. ಟ್ಯಾಂಪಾದ್ದು 160. ಓಬಿಪಿ ಮಾತ್ರ ಟೊರಾಂಟೊದ್ದು .312, ಟ್ಯಾಂಪಾದ್ದು .333. ರನ್? ಟೊರಾಂಟೊ 755, ಟ್ಯಾಂಪಾ 802. ಪೂರ್ತಿ ಶ್ರೇಯ ಓಬಿಪಿಗೆ ಸಲ್ಲದು. 1.8ರ ತೂಕ ಹಾಕಿದರೂ ಟೊರಾಂಟೊ ಸ್ವಲ್ಪ ಮುಂದಿರಬೇಕಿತ್ತು. ಟ್ಯಾಂಪಾ 172 ಬೇಸ್ ಕದ್ದಿತ್ತು, ಹಿಟ್‌ಗಳು ಸರಿಯಾದ ಹೊತ್ತಿಗೆ ಬಿದ್ದಿದ್ದವು. ಆದರೂ 97 ಹೋಮ್ ರನ್‌ಗಳ ಮುನ್ನಡೆ ಇದ್ದ ತಂಡ ಅದನ್ನು ಹೀಗೆ ಕರಗಿಸಿಕೊಂಡದ್ದರಲ್ಲಿ ಬೇಸ್ ಸೇರದ ಬ್ಯಾಟರ್‌ಗಳ ಪಾಲು ದೊಡ್ಡದು. ಪವರ್ ತರುವಾಗಲೂ ಯಾರೊಬ್ಬರ ಓಬಿಪಿಯನ್ನೂ .300ರಿಂದ ಕೆಳಗೆ ಬಿಡಬಾರದು. ಅದರ ಕೆಳಗೆ ವೈಟ್ ಸಾಕ್ಸ್ ಇದ್ದ ಪ್ರದೇಶ ಶುರು.

ರನ್ ಬಾರದಾಗ ಡಗ್ಔಟ್‌ನಲ್ಲಿ ಹುಟ್ಟುವ ಗಾಬರಿ ಬೇರೆಯೇ ಒಂದು ನಷ್ಟ. ಮೊದಲು ನೆನಪಾಗುವುದು ಬಂಟ್, ಚೆಂಡಿಗೆ ಬ್ಯಾಟ್ ಮೆಲ್ಲಗೆ ಒಡ್ಡಿ ಹತ್ತಿರವೇ ಬೀಳಿಸುವುದು. ಫಸ್ಟ್ ಬೇಸ್‌ನಲ್ಲಿ ಒಬ್ಬ, ಔಟ್ ಇಲ್ಲ, 0.86. ಬಂಟ್ ಮಾಡಿ ಅವನನ್ನು ಸೆಕೆಂಡ್‌ಗೆ ಸರಿಸಿ ಒಂದು ಔಟ್ ಕೊಟ್ಟರೆ 0.66. ಎಲ್ಲವೂ ಅಂದುಕೊಂಡಂತೆ ನಡೆದೂ 0.2 ರನ್ ಹೋಯಿತು. ಕೊನೆಯ ಇನ್ನಿಂಗ್ಸ್‌ನಲ್ಲಿ ಒಂದೇ ರನ್ ಸಾಕೆನ್ನುವಾಗ ಇದಕ್ಕೆ ಅರ್ಥವಿದೆ, ಮೂರನೇ ಇನ್ನಿಂಗ್ಸ್‌ನಲ್ಲಿ ಇಲ್ಲ. ಕದಿಯುವುದಕ್ಕೂ ಗಡಿ ಇದೆ: ಅದೇ ಸ್ಥಿತಿಯಲ್ಲಿ ಯಶಸ್ವಿಯಾದರೆ 0.24 ಲಾಭ, ಸಿಕ್ಕಿಬಿದ್ದರೆ 0.6 ನಷ್ಟ. ನೂರಕ್ಕೆ 71 ಅಥವಾ 72 ಸಲ ಗೆಲ್ಲದವನು ಓಡಬಾರದು.

ಎರಡನೇ ಗಾಬರಿ ಚಿಕ್ಕ ಲೆಕ್ಕವನ್ನು ನಂಬುವುದು. ಬ್ಯಾಟರ್‌ನ ಸ್ಟ್ರೈಕ್‌ಔಟ್ ಪ್ರಮಾಣ ಸುಮಾರು 60 ಅವಕಾಶಗಳಲ್ಲೇ ಅರ್ಥ ಕೊಡಲು ಶುರುಮಾಡುತ್ತದೆ, ವಾಕ್ 120ರಲ್ಲಿ, ಹೋಮ್ ರನ್ 170ರಲ್ಲಿ. ಓಬಿಪಿಗೆ 460 ಬೇಕು. ಬ್ಯಾಟಿಂಗ್ ಸರಾಸರಿಗೆ ಒಂದು ಋತುವೂ ಸಾಲದು. ಮೇ ತಿಂಗಳಲ್ಲಿ .210 ನೋಡಿ ಒಬ್ಬನನ್ನು ಕೆಳಗಿನ ಲೀಗ್‌ಗೆ ಕಳಿಸುವ ಮ್ಯಾನೇಜರ್ ಆ ಹೊತ್ತಿಗೆ ಅರ್ಥವೇ ಇಲ್ಲದ ಅಂಕಿಯನ್ನು ಓದುತ್ತಿರುತ್ತಾನೆ. ಆರ್‌ಬಿಐ, ಅಂದರೆ ಬ್ಯಾಟರ್ ಮನೆಗೆ ತಂದ ರನ್‌ಗಳ ಎಣಿಕೆ, ನೋಡುವುದು ಇನ್ನೂ ಕೆಟ್ಟದ್ದು, ಅದರಲ್ಲಿ ಅವನಿಗಿಂತ ಮೊದಲು ಆಡಲು ಬರುವವರ ಓಬಿಪಿಯೇ ಬರೆದಿರುತ್ತದೆ.

ಪಿಟ್ಸ್‌ಬರ್ಗ್‌ನಲ್ಲಿ ಪವರ್ ಎಂದಾಗ ಯಾವ ಕೈಯ ಪವರ್ ಎಂಬುದೂ ಮುಖ್ಯ. ಪಿಎನ್‌ಸಿ ಪಾರ್ಕ್‌ನ ಎಡ ಗೆರೆಯಲ್ಲಿ ಬೇಲಿ 325 ಅಡಿ, ಆದರೆ ಅಲ್ಲಿಂದ ಸರಸರನೆ ಹಿಂದೆ ಸರಿದು ಎಡ-ಮಧ್ಯದ ಮೂಲೆಯಲ್ಲಿ 410ಕ್ಕೆ ಹೋಗುತ್ತದೆ. ಬಲಗೈ ಬ್ಯಾಟರ್ ಎಳೆದು ಹೊಡೆದ ಒಳ್ಳೆಯ ಹೊಡೆತಗಳು ಅಲ್ಲಿ ಫೀಲ್ಡರ್‌ನ ಕೈಗವಸಿನಲ್ಲಿ ಸಾಯುತ್ತವೆ. ಬಲ ಗೆರೆ 320 ಅಡಿ. ಗೋಡೆಯ ಎತ್ತರ ಪೈರೇಟ್ಸ್‌ನ ಹಳೆಯ ತಾರೆ ರೊಬೆರ್ಟೊ ಕ್ಲೆಮೆಂಟೆ ಅವರ ಅಂಗಿಯ ಸಂಖ್ಯೆ ನೆನಪಿಗೆ 21 ಅಡಿ. ಅದರಾಚೆ ಅಲ್ಲೆಘೆನಿ ನದಿ. 2025ರ ಮೇ 25ರಂದು ಒನೀಲ್ ಕ್ರೂಜ್ ಗಂಟೆಗೆ 122.9 ಮೈಲಿ ವೇಗದಲ್ಲಿ ಹೊಡೆದ ಚೆಂಡು ಆ ನದಿಗೆ ಬಿತ್ತು. 2015ರಲ್ಲಿ ಸ್ಟ್ಯಾಟ್‌ಕಾಸ್ಟ್ ಎಂಬ ಯಂತ್ರದ ಅಳತೆ ಶುರುವಾದ ಮೇಲೆ ಆ ದಿನದವರೆಗೆ ಅದಕ್ಕಿಂತ ಜೋರಾಗಿ ಹೊಡೆದ ಚೆಂಡು ಇರಲಿಲ್ಲ. ಹೊಡೆದವರು ಋತು ಮುಗಿಸಿದ್ದು .200 ಸರಾಸರಿ, .298 ಓಬಿಪಿ, 20 ಹೋಮ್ ರನ್, 174 ಸ್ಟ್ರೈಕ್‌ಔಟ್‌ನಲ್ಲಿ. ತೋಳಿನ ಬಲ ಬೇರೆ, ಪಂದ್ಯದಲ್ಲಿ ದಕ್ಕುವ ಪವರ್ ಬೇರೆ. ನಡುವೆ ಚೆಂಡಿಗೆ ಬ್ಯಾಟ್ ತಾಗಿಸುವ ಕೆಲಸವಿದೆ.

ಆ ಚಳಿಗಾಲದಲ್ಲಿ ಪೈರೇಟ್ಸ್ ಆಡಳಿತ ಎರಡೂ ಕೊರತೆಗಳಿಗೆ ಕೈ ಹಾಕಿತು. ಮೂರು ತಂಡಗಳ ವಿನಿಮಯದಲ್ಲಿ ಟ್ಯಾಂಪಾದಿಂದ ಬ್ರ್ಯಾಂಡನ್ ಲೋ ಬಂದರು: 2025ರಲ್ಲಿ 31 ಹೋಮ್ ರನ್, ಓಬಿಪಿ .307. ಎರಡು ವರ್ಷಕ್ಕೆ 2.9 ಕೋಟಿ ಡಾಲರ್ ಕೊಟ್ಟು ರಯಾನ್ ಓಹರ್ನ್ ಅವರನ್ನು ತಂದರು: 17 ಹೋಮ್ ರನ್, ಓಬಿಪಿ .366. ಮೇಲಿನ ಇಬ್ಬರು ಕಲ್ಪಿತ ಬ್ಯಾಟರ್‌ಗಳಲ್ಲಿ ಎರಡನೆಯವನ ಬಂಧು ಲೋ. ಓಹರ್ನ್ ಎರಡೂ ಗುಣ ಅರ್ಧರ್ಧ ಇರುವವರು. ಇಬ್ಬರೂ ಎಡಗೈ, ಬಲಗೋಡೆಗೆ ಹೇಳಿ ಮಾಡಿಸಿದವರು. ಅವರು ತುಂಬಿದ ಜಾಗಗಳಲ್ಲಿ ಮೊದಲಿದ್ದವರಿಗಿಂತ ತಲಾ 20–25 ರನ್ ಹೆಚ್ಚು ತಂದರೂ, ಲೀಗ್ ಸರಾಸರಿಗೆ ಬೇಕಿದ್ದ ಸುಮಾರು 138 ರನ್‌ಗಳಲ್ಲಿ ತುಂಬುವುದು ಮೂರನೇ ಒಂದು ಭಾಗ.

ಉಳಿದದ್ದರಲ್ಲಿ ಒಂದಿಷ್ಟು ಬ್ಯಾಟಿಂಗ್ ಕ್ರಮದಲ್ಲೇ ಸಿಗಬಹುದು. ಕ್ರಮದಲ್ಲಿ ಒಂದು ಸ್ಥಾನ ಮೇಲಿದ್ದರೆ ಋತುವಿಗೆ 15ರಿಂದ 20 ಅವಕಾಶ ಹೆಚ್ಚು. ಒಳ್ಳೆಯ ಬ್ಯಾಟರ್‌ಗಳನ್ನು ಒಂದು, ಎರಡು, ನಾಲ್ಕನೇ ಸ್ಥಾನಗಳಲ್ಲಿಡಬೇಕು. ಮೂರನೆಯವನು ಮೊದಲ ಇನ್ನಿಂಗ್ಸ್‌ನಲ್ಲೇ ಎರಡು ಔಟ್ ಆದ ಮೇಲೆ ಬರುವುದು ಹೆಚ್ಚು. .298 ಓಬಿಪಿಯ ಕ್ರೂಜ್ ಅವರನ್ನು ಕಾಲಿನ ವೇಗ ನೋಡಿ ಮೊದಲಿಗೆ ಕಳಿಸುವುದು ತಪ್ಪು, 38 ಬೇಸ್ ಕದ್ದಿದ್ದರೂ. ಓಹರ್ನ್ ಎರಡನೇ ಸ್ಥಾನ, ಲೋ ನಾಲ್ಕನೇ ಸ್ಥಾನ, ಕ್ರೂಜ್ ಆರನೇ ಸ್ಥಾನ. ಇಲ್ಲೊಂದು ಹೊಸ ತೊಡಕು: ಮೂವರೂ ಎಡಗೈ. 2020ರಿಂದ ರಿಲೀಫ್ ಪಿಚರ್, ಅಂದರೆ ನಡುವೆ ಬದಲಿಯಾಗಿ ಬರುವ ಪಿಚರ್, ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಇನ್ನಿಂಗ್ಸ್ ಮುಗಿಸಬೇಕು ಎಂಬ ನಿಯಮವಿದೆ. ಮೂವರು ಎಡಗೈಯವರನ್ನು ಸಾಲಾಗಿ ನಿಲ್ಲಿಸಿದರೆ ಎದುರಾಳಿ ಏಳನೇ ಇನ್ನಿಂಗ್ಸ್‌ನಲ್ಲಿ ಒಬ್ಬ ಎಡಗೈ ಪಿಚರ್‌ನನ್ನು ತಂದು ಮೂವರನ್ನೂ ಒಟ್ಟಿಗೆ ಮುಗಿಸುತ್ತಾನೆ. ಮೂರನೇ ಸ್ಥಾನಕ್ಕೆ ಎರಡೂ ಕೈಯಲ್ಲಿ ಆಡುವ ಬ್ರಯಾನ್ ರೆನಾಲ್ಡ್ಸ್, ಐದಕ್ಕೆ ಒಬ್ಬ ಬಲಗೈ ಬ್ಯಾಟರ್ ಬಂದರೆ ಅದೇ ಪಿಚರ್ ಓಹರ್ನ್ ಅವರಿಂದ ಲೋ ವರೆಗೆ ಹೋಗುವಾಗ ನಡುವೆ ತನಗೆ ಹೊಂದದ ಒಬ್ಬರನ್ನು ಎದುರಿಸಲೇಬೇಕು. ಆ ಐದನೇ ಸ್ಥಾನಕ್ಕೆ 410 ಅಡಿಯ ಮೂಲೆಗೆ ಹೊಡೆಯದೆ ಚೆಂಡನ್ನು ಬಲ-ಮಧ್ಯದ 375 ಅಡಿಯ ಕಡೆಗೆ ತಳ್ಳಬಲ್ಲ ಬಲಗೈಯವನನ್ನು ಹುಡುಕುವ ಕೆಲಸ ಆಗ ಬಾಕಿಯಿತ್ತು.